ಕಾರ್ಪೆಟ್ ಮತ್ತು ನೆಲದ ಕಲೆ, ವಾಸನೆ: ಒಳಗೆ ಇಳಿದದ್ದನ್ನು ಹೊರಗೆ ತೆಗೆಯುವುದು ಹೇಗೆ?

ಕಾರ್ಪೆಟ್ ಮೇಲೆ ಕಾಫಿ ಚೆಲ್ಲಿದ ಕೂಡಲೇ ಹೆಚ್ಚಿನವರು ಎರಡು ಕೆಲಸ ಮಾಡುತ್ತಾರೆ. ಕೈಗೆ ಸಿಕ್ಕ ಬಟ್ಟೆಯಿಂದ ಗಸಗಸ ಉಜ್ಜುತ್ತಾರೆ. ಹೋಗಲಿಲ್ಲ ಅಂತ ಒಂದು ಮಗ್ ನೀರು ಸುರಿಯುತ್ತಾರೆ. ಉಜ್ಜಿದರೆ ಎಳೆಗಳ ಹುರಿ ಬಿಚ್ಚಿಕೊಳ್ಳುತ್ತದೆ. ಕಲೆ ಪೂರ್ತಿ ಹೋದ ಮೇಲೂ ಆ ಜಾಗ ಮಾತ್ರ ಕೆದರಿ, ಮಂಕಾಗಿ ಕಾಣುತ್ತದೆ. ನೀರು ಸುರಿದರೆ ಮೇಲಿದ್ದ ಕಾಫಿ ಎಳೆಯ ಬುಡಕ್ಕೆ, ಅಲ್ಲಿಂದ ಹಿಂಬದಿಯ ಬಟ್ಟೆಗೆ, ಅದರಡಿಯ ಪ್ಯಾಡ್‌ಗೆ ಇಳಿಯುತ್ತದೆ. ಸದ್ಯಕ್ಕೆ ಕಲೆ ಹೋದಂತೆ ಕಾಣುತ್ತದೆ. ಮಾರನೇ ದಿನ ಒಣಗಿದಾಗ ಅದೇ ಜಾಗದಲ್ಲಿ, ಕೆಲವೊಮ್ಮೆ ಇನ್ನೂ ಅಗಲವಾಗಿ, ಮತ್ತೆ ಮೂಡುತ್ತದೆ.

ಇದರಲ್ಲಿ ಮಾಟ ಮಂತ್ರ ಏನಿಲ್ಲ. ನೀರು ಮೇಲ್ಭಾಗದಿಂದ ಆವಿಯಾಗುತ್ತದೆ. ಆಗ ಕೆಳಗಿನ ತೇವ, ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ, ಎಳೆಗಳ ಗುಂಟ ಮೇಲೇರುತ್ತದೆ. ಜೊತೆಗೆ ಕಲೆಯನ್ನೂ ತರುತ್ತದೆ. ಮುಂದೆ ಹೇಳುವ ಎಲ್ಲ ಉಪಾಯಗಳ ಹಿಂದಿನ ಲೆಕ್ಕ ಇಷ್ಟೇ: ಒಳಗೆ ಹೋದದ್ದೆಲ್ಲ ವಾಪಸ್ ಹೊರಗೆ ಬರಬೇಕು. ಚೆಲ್ಲಿದ ಕಾಫಿಯೂ ಬರಬೇಕು, ನೀವು ಹಾಕಿದ ಸೋಪು, ನೀರು, ವಿನೆಗರ್ ಕೂಡ ಬರಬೇಕು.

ಮೊದಲ ಹತ್ತು ನಿಮಿಷ

1. ಗಟ್ಟಿ ಪದಾರ್ಥ ಬಿದ್ದಿದ್ದರೆ ಚಮಚದಿಂದಲೋ ಮೊಂಡು ಚಾಕುವಿನಿಂದಲೋ ಎತ್ತಿ ತೆಗೆಯಿರಿ. ಒರೆಸಬೇಡಿ, ಎತ್ತಿ.

2. ಬಿಳಿ ಬಟ್ಟೆ ಅಥವಾ ಬಿಳಿ ಪೇಪರ್ ಟವೆಲ್ ಇಟ್ಟು ಒತ್ತಿ. ಬಣ್ಣದ ಬಟ್ಟೆ ಬೇಡ, ಅದರ ಬಣ್ಣವೇ ಕಾರ್ಪೆಟ್‌ಗೆ ಇಳಿಯಬಹುದು. ಒದ್ದೆಯಾದ ಭಾಗ ಮಡಚಿ, ಒಣ ಭಾಗದಿಂದ ಮತ್ತೆ ಒತ್ತಿ. ಬಟ್ಟೆಗೆ ಏನೂ ಹತ್ತದಿರುವ ತನಕ ಮಾಡಿ. ಬೇಕಾದರೆ ಮೇಲೆ ನಿಂತು ಹಿಮ್ಮಡಿಯಿಂದ ಒತ್ತಿ. ಇಡೀ ಕೆಲಸದಲ್ಲಿ ಅರ್ಧ ಫಲ ಸಿಗುವುದು ಈ ಹಂತದಲ್ಲೇ, ಆದರೆ ಎಲ್ಲರೂ ಬೇಗ ಬಿಟ್ಟುಬಿಡುವುದೂ ಇದನ್ನೇ.

3. ಯಾವಾಗಲೂ ಕಲೆಯ ಅಂಚಿನಿಂದ ನಡುವಿಗೆ ಬನ್ನಿ. ನಡುವಿನಿಂದ ಶುರು ಮಾಡಿದರೆ ಕಲೆ ಹರಡುತ್ತದೆ.

4. ಒಂದು ಕಪ್ ಉಗುರುಬೆಚ್ಚಗಿನ ನೀರಿಗೆ ಕಾಲು ಟೀ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ. ಇಷ್ಟೇ ಸಾಕು. ರಕ್ತ, ಹಾಲು, ಮೊಟ್ಟೆಯಂಥ ಕಲೆ ಆದರೆ ತಣ್ಣೀರೇ ಇರಲಿ. ಮೊದಲು ಕಾರ್ಪೆಟ್‌ನ ಮೂಲೆಯಲ್ಲೋ ಸೋಫಾ ಕೆಳಗೋ ಒಂದು ಹನಿ ಹಾಕಿ ಹತ್ತು ನಿಮಿಷ ನೋಡಿ. ಬಣ್ಣ ಬಿಡದಿದ್ದರೆ ಬಟ್ಟೆಯನ್ನು ಅದರಲ್ಲಿ ಅದ್ದಿ, ಹಿಂಡಿ, ಕಲೆಯ ಮೇಲೆ ಒತ್ತಿ.

5. ಬರೀ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒತ್ತಿ ಸೋಪು ತೆಗೆಯಿರಿ. ಎರಡು ಮೂರು ಸಲ ಮಾಡಿ. ಸೋಪಿನ ಅಂಶ ಉಳಿದರೆ ಅದು ಅಂಟಾಗಿ ಧೂಳು ಹಿಡಿಯುತ್ತದೆ. ಒಂದು ತಿಂಗಳ ಮೇಲೆ ಅದೇ ಜಾಗ ಕಪ್ಪಾದರೆ "ಹಳೇ ಕಲೆ ವಾಪಸ್ ಬಂತು" ಅಂದುಕೊಳ್ಳುತ್ತೇವೆ. ಬಂದದ್ದು ಹೊಸ ಕೊಳೆ.

6. ಕೊನೆಗೆ ಒಣ ಬಿಳಿ ಬಟ್ಟೆಯನ್ನು ನಾಲ್ಕೈದು ಪದರ ಮಡಚಿ ಇಡಿ. ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ದಪ್ಪ ಪುಸ್ತಕದಂಥ ಭಾರ ಇಟ್ಟು ರಾತ್ರಿಯಿಡೀ ಬಿಡಿ. ಮೇಲೇರುವ ತೇವ ಎಳೆಯ ತುದಿಯಲ್ಲಿ ನಿಲ್ಲದೆ ಬಟ್ಟೆಗೆ ಬರುತ್ತದೆ, ಕಲೆಯೂ ಅದರ ಜೊತೆ. ಈ ಆರನೇ ಹಂತ ಮಾಡದವರಿಗೇ "ಕಲೆ ಮತ್ತೆ ಮೂಡುತ್ತೆ" ಅನ್ನುವ ಕಾಟ ಜಾಸ್ತಿ.

ಕಾರ್ಪೆಟ್ ಯಾವುದರದ್ದು ಅಂತ ತಿಳಿದಿರಲಿ

ಹಿಂಬದಿಯ ಲೇಬಲ್ ನೋಡಿ. ಇಲ್ಲದಿದ್ದರೆ ಅಂಚಿನಿಂದ ಒಂದೇ ಎಳೆ ಕತ್ತರಿಸಿ, ಚಿಮುಟದಲ್ಲಿ ಹಿಡಿದು, ಸಿಂಕ್ ಮೇಲೆ ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಪುಡಿಯಾಗುವ ಬೂದಿ ಉಳಿದರೆ ಉಣ್ಣೆ. ಕರಗಿ ಗಟ್ಟಿ ಗುಂಡಾದರೆ ನೈಲಾನ್, ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಇಂಥ ಕೃತಕ ನೂಲು.

ಉಣ್ಣೆ ಪ್ರೋಟೀನ್, ನಮ್ಮ ಕೂದಲಿನ ಹಾಗೆಯೇ. ಕ್ಲೋರಿನ್ ಬ್ಲೀಚ್ ಉಣ್ಣೆಯನ್ನು ಹಳದಿ ಮಾಡುವುದಷ್ಟೇ ಅಲ್ಲ, ಕರಗಿಸಿಯೇಬಿಡುತ್ತದೆ. ವಾಷಿಂಗ್ ಸೋಡಾದಂಥ ಜೋರು ಕ್ಷಾರವೂ ಬೇಡ. ಪ್ರೋಟೀನ್ ಒಡೆಯುವ ಎನ್‌ಜೈಮ್ ಇರುವ ಕ್ಲೀನರ್ ಕೂಡ ಉಣ್ಣೆಗೆ, ರೇಷ್ಮೆಗೆ ಅಪಾಯ. ರಕ್ತ ಮತ್ತು ಉಣ್ಣೆ ಎರಡೂ ಪ್ರೋಟೀನ್, ಯಾವುದನ್ನು ತಿನ್ನಬೇಕು ಅನ್ನುವುದು ಎನ್‌ಜೈಮ್‌ಗೆ ಗೊತ್ತಾಗುವುದಿಲ್ಲ. ಹಿಂಬದಿ ಸೆಣಬಿನದ್ದಾಗಿದ್ದರೆ ಜಾಸ್ತಿ ನೀರು ಬಿದ್ದಾಗ ಅದೇ ಕಂದು ಬಣ್ಣ ಬಿಡುತ್ತದೆ. ಆ ಕಂದು ಎಳೆಗಳ ತುದಿಗೆ ಏರಿ ಹೊಸ ಕಲೆಯಾಗುತ್ತದೆ.

ಪಾಲಿಪ್ರೊಪಿಲೀನ್ ನೀರು ಹೀರುವುದೇ ಇಲ್ಲ ಅನ್ನಬಹುದು. ಹಾಗಾಗಿ ಜ್ಯೂಸ್, ಟೀ ಸುಲಭವಾಗಿ ಬರುತ್ತದೆ, ಎಣ್ಣೆ ಮಾತ್ರ ಪಟ್ಟು ಬಿಡುವುದಿಲ್ಲ. ನೈಲಾನ್ ಕಥೆ ಉಲ್ಟಾ. ಕೆಂಪು ಜ್ಯೂಸ್, ಕ್ಯಾಂಡಿಗಳಲ್ಲಿರುವ ಕೃತಕ ಬಣ್ಣ, ನೈಲಾನ್ ಮತ್ತು ಉಣ್ಣೆಗೆ ಬಣ್ಣ ಹಾಕುವ ರಾಸಾಯನಿಕಗಳ ಜಾತಿಯದೇ. ಅಲ್ಲಿ ಬಿಸಿನೀರು ಹಾಕಿದರೆ ಬಣ್ಣ ಹೋಗುವುದಿಲ್ಲ, ಕೂತುಕೊಳ್ಳುತ್ತದೆ.

ಕಲೆಗೆ ತಕ್ಕ ಮದ್ದು

ಟೀ, ಕಾಫಿ, ವೈನ್: ಇವುಗಳಲ್ಲಿ ಟ್ಯಾನಿನ್ ಎಂಬ, ಗಿಡಗಳಿಂದ ಬರುವ ಒಗರು ಅಂಶ ಇರುತ್ತದೆ. ಮೇಲಿನ ಸೋಪಿನ ನೀರಿನ ನಂತರ ಒಂದು ಪಾಲು ಬಿಳಿ ವಿನೆಗರ್, ಎರಡು ಪಾಲು ನೀರು ಬೆರೆಸಿ ಒತ್ತಿ. ಬಾರ್ ಸೋಪು ಉಜ್ಜಬೇಡಿ, ಅದು ಟ್ಯಾನಿನ್ ಕಲೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಕಾಫಿಗೆ ಹಾಲು ಸೇರಿದ್ದರೆ ಅಲ್ಲಿ ಎರಡು ಕಲೆ ಇವೆ ಅಂತ ಲೆಕ್ಕ. ಮೊದಲು ಹಾಲಿನದು ತೆಗೆಯಿರಿ, ಅಂದರೆ ತಣ್ಣೀರು ಮತ್ತು ಲಿಕ್ವಿಡ್ ಸೋಪು. ಆಮೇಲೆ ವಿನೆಗರ್.

ರಕ್ತ: ತಣ್ಣೀರು, ತಣ್ಣೀರು, ಮತ್ತೆ ತಣ್ಣೀರು. ಬಿಸಿಗೆ ಪ್ರೋಟೀನ್ ಗಟ್ಟಿಯಾಗಿ ಎಳೆಗೆ ಅಂಟಿಬಿಡುತ್ತದೆ. ತಿಳಿ ಬಣ್ಣದ ಕೃತಕ ನೂಲಿನ ಕಾರ್ಪೆಟ್ ಆದರೆ 3% ಹೈಡ್ರೋಜನ್ ಪೆರಾಕ್ಸೈಡ್ ಕೆಲವು ಹನಿ ಹಾಕಬಹುದು. ಬಿಳಿ ನೊರೆ ಏಳುತ್ತದೆ, ಗಾಬರಿ ಬೇಡ. ರಕ್ತದಲ್ಲಿರುವ ಕ್ಯಾಟಲೇಸ್ ಎಂಬ ಎನ್‌ಜೈಮ್ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದರಿಂದ ಬರುವ ನೊರೆ ಅದು. ಕಡು ಬಣ್ಣದ ಕಾರ್ಪೆಟ್‌ಗೆ ಬೇಡ, ಬಣ್ಣ ಹೋಗಬಹುದು.

ಎಣ್ಣೆ, ಬೆಣ್ಣೆ: ನೀರು ಹಾಕುವ ಮುಂಚೆ ಕಾರ್ನ್‌ಫ್ಲೋರನ್ನೋ ಅಡುಗೆ ಸೋಡಾವನ್ನೋ ದಪ್ಪಗೆ ಉದುರಿಸಿ ಅರ್ಧ ಗಂಟೆ ಬಿಡಿ. ಅದು ಎಣ್ಣೆ ಹೀರಿಕೊಳ್ಳುತ್ತದೆ. ವ್ಯಾಕ್ಯೂಮ್ ಮಾಡಿ, ಆಮೇಲೆ ಸೋಪಿನ ನೀರು.

ಪೆನ್ ಇಂಕ್: ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನು ಬಟ್ಟೆಗೆ ಹಾಕಿ ಒತ್ತಿ. ಕಾರ್ಪೆಟ್ ಮೇಲೆ ನೇರ ಸುರಿಯಬೇಡಿ. ಹಿಂಬದಿಯ ಎರಡು ಪದರಗಳನ್ನು ಹಿಡಿದಿರುವ ಲೇಟೆಕ್ಸ್ ಅಂಟನ್ನು ಇಂಥ ದ್ರಾವಕಗಳು ಸಡಿಲ ಮಾಡುತ್ತವೆ. ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್‌ಗಂತೂ ಇನ್ನೂ ಹುಷಾರಾಗಿರಿ. ಅಸಿಟೇಟ್ ನೂಲಿದ್ದರೆ ಅದು ಎಳೆಯನ್ನೇ ಕರಗಿಸುತ್ತದೆ.

ಮೇಣ, ಚೂಯಿಂಗ್ ಗಮ್: ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಹಾಕಿ ಮೇಲಿಡಿ. ಗಟ್ಟಿಯಾದ ಮೇಲೆ ಮುರಿದು ತೆಗೆಯಿರಿ. ಉಳಿದ ಮೇಣದ ಮೇಲೆ ದಪ್ಪ ಕಾಗದ ಇಟ್ಟು ಕಡಿಮೆ ಬಿಸಿಯ ಇಸ್ತ್ರಿ ಆಡಿಸಿದರೆ ಮೇಣ ಕಾಗದಕ್ಕೆ ಬರುತ್ತದೆ. ಪಾಲಿಪ್ರೊಪಿಲೀನ್ ಆದರೆ ಇಸ್ತ್ರಿ ಹತ್ತಿರಕ್ಕೂ ತರಬೇಡಿ, ಕಾರ್ಪೆಟ್ಟೇ ಕರಗುತ್ತದೆ.

ಕೆಸರು: ಏನೂ ಮಾಡಬೇಡಿ. ಒಣಗಲಿ. ಆಮೇಲೆ ವ್ಯಾಕ್ಯೂಮ್.

ತುಕ್ಕು: ಇಲ್ಲಿ ಬ್ಲೀಚ್ ಹಾಕಿದರೆ ಕಲೆ ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಕೃತಕ ನೂಲಿನ ಮೇಲೆ ನಿಂಬೆರಸ ಅಥವಾ ವಿನೆಗರ್ ಪ್ರಯತ್ನಿಸಬಹುದು.

ಬೆರೆಸಬಾರದ್ದು

ಇದನ್ನು ಅವಸರದಲ್ಲಿ ಓದಬೇಡಿ. ಬ್ಲೀಚ್ ಜೊತೆ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಬ್ಲೀಚ್ ಜೊತೆ ಅಮೋನಿಯಾ ಸೇರಿದರೆ ಕ್ಲೋರಮೈನ್ ಅನಿಲ ಬರುತ್ತದೆ. ಎರಡೂ ಶ್ವಾಸಕೋಶಕ್ಕೆ ವಿಷ. ಹಳೇ ಮೂತ್ರದಲ್ಲಿ ಅಮೋನಿಯಾ ಇರುತ್ತದೆ ಅನ್ನುವುದು ನೆನಪಿರಲಿ, ಅಂದರೆ ಅದರ ಮೇಲೆ ಬ್ಲೀಚ್ ಸುರಿಯುವುದೂ ಅದೇ ಪ್ರಯೋಗ. ಪೆರಾಕ್ಸೈಡ್ ಮತ್ತು ವಿನೆಗರನ್ನು ಒಂದೇ ಬಾಟಲಿಯಲ್ಲಿ ಬೆರೆಸಿದರೆ ಚರ್ಮ, ಕಣ್ಣು ಸುಡುವ ಪೆರಾಸೆಟಿಕ್ ಆಮ್ಲ ಆಗುತ್ತದೆ. ಬ್ಲೀಚ್ ಜೊತೆಗೆ ನೀರು ಬಿಟ್ಟು ಬೇರೇನೂ ಬೇಡ ಅಂತ ಇಟ್ಟುಕೊಂಡರೆ ಸುಲಭ.

ಇನ್ನು ಎಲ್ಲರ ಮೆಚ್ಚಿನ ಜೋಡಿ, ವಿನೆಗರ್ ಮತ್ತು ಅಡುಗೆ ಸೋಡಾ. ಇದು ಅಪಾಯ ಅಲ್ಲ, ಆದರೆ ದಂಡ. ಆಮ್ಲ ಮತ್ತು ಕ್ಷಾರ ಒಂದನ್ನೊಂದು ರದ್ದು ಮಾಡಿಕೊಳ್ಳುತ್ತವೆ. ಬುಸ್ ಅನ್ನುವುದು ಬರೀ ಕಾರ್ಬನ್ ಡೈಆಕ್ಸೈಡ್. ಕೊನೆಗೆ ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು. ನೋಡೋಕೆ ಚೆನ್ನಾಗಿದೆ ಅಷ್ಟೇ. ಎರಡಕ್ಕೂ ಬೇರೆ ಬೇರೆ ಕೆಲಸ ಇದೆ, ಬೇರೆ ಬೇರೆಯಾಗಿಯೇ ಬಳಸಿ.

ವಾಸನೆ: ಸ್ಪ್ರೇಗಿಂತ ಮೊದಲು ಜಾಗ ಹುಡುಕಿ

ವಾಸನೆ ಬರುತ್ತಿದೆ ಅಂದರೆ ಪದಾರ್ಥ ಇನ್ನೂ ಅಲ್ಲೇ ಇದೆ. ಸುಗಂಧದ ಸ್ಪ್ರೇ ಹೊಡೆದರೆ ಎರಡು ವಾಸನೆ ಆಗುತ್ತದೆ, ಅಷ್ಟೇ ಅಲ್ವಾ?

ಇದರಲ್ಲಿ ತುಂಬಾ ಹಠಮಾರಿ ಸಾಕುಪ್ರಾಣಿಗಳ ಮೂತ್ರ. ತಾಜಾ ಇದ್ದಾಗ ಅಷ್ಟೇನೂ ನಾರುವುದಿಲ್ಲ. ಆಮೇಲೆ ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಬೆಕ್ಕಿನ ಮೂತ್ರದಲ್ಲಿ ಇದರ ಜೊತೆ ಫೆಲಿನೈನ್ ಎಂಬ ಗಂಧಕ ಇರುವ ಅಮೈನೋ ಆಮ್ಲವೂ ಇದೆ. ಅದು ನಿಧಾನವಾಗಿ ಒಡೆದು ಗಂಧಕದ ಘಾಟು ಬಿಡುತ್ತದೆ. ಅದಕ್ಕೇ ದಿನ ಕಳೆದಂತೆ ವಾಸನೆ ಕಡಿಮೆ ಆಗುವ ಬದಲು ಜಾಸ್ತಿ ಆಗುವುದು. ಒಣಗಿ ಉಳಿದ ಲವಣಗಳು ಗಾಳಿಯ ತೇವ ಹೀರುತ್ತವೆ. ತಿಂಗಳ ಹಿಂದೆ "ಹೋಗಿದ್ದ" ವಾಸನೆ ತೇವದ ದಿನ ಮತ್ತೆ ಏಳುವುದು ಅದರಿಂದ.

ಮೊದಲು ಜಾಗ ಗೊತ್ತಾಗಬೇಕು. ರಾತ್ರಿ ದೀಪ ಆರಿಸಿ, 365ರಿಂದ 395 ನ್ಯಾನೋಮೀಟರಿನ ಯುವಿ ಟಾರ್ಚ್ ಹಿಡಿದರೆ ಒಣ ಮೂತ್ರ ಮಸುಕು ಹಳದಿ ಅಥವಾ ಹಸಿರಾಗಿ ಹೊಳೆಯುತ್ತದೆ. ಬಟ್ಟೆ ಸೋಪಿನ ಅಂಶವೂ ಹೊಳೆಯುವುದರಿಂದ ಮೂಗಿನಿಂದ ಖಾತ್ರಿ ಮಾಡಿಕೊಳ್ಳಿ. ಸೀಮೆಸುಣ್ಣದಲ್ಲಿ ಸುತ್ತ ಗುರುತು ಹಾಕಿ. ಮೇಲೆ ಅಂಗೈಯಷ್ಟು ಕಂಡರೆ ಕೆಳಗೆ ಪ್ಯಾಡ್‌ನಲ್ಲಿ ಅದಕ್ಕಿಂತ ದೊಡ್ಡದಾಗಿ ಹರಡಿರುತ್ತದೆ.

ಇಲ್ಲಿ ಬೇಕಾದದ್ದು ಎನ್‌ಜೈಮ್ ಇರುವ ಕ್ಲೀನರ್. ಬಳಸುವ ಕ್ರಮ ಹೀಗೆ:

ತಾಜಾ ಇದ್ದರೆ ಒತ್ತಿ ಪೂರ್ತಿ ಹೀರಿ, ತಣ್ಣೀರಿನಿಂದ ಒತ್ತಿ ತೆಗೆಯಿರಿ. ಮುಂಚೆ ಬೇರೆ ಸೋಪು, ಡಿಸ್‌ಇನ್ಫೆಕ್ಟಂಟ್ ಹಾಕಿದ್ದರೆ ಅದನ್ನೂ ನೀರಿನಿಂದ ತೆಗೆಯಬೇಕು, ಇಲ್ಲದಿದ್ದರೆ ಎನ್‌ಜೈಮ್ ಕೆಲಸ ಮಾಡುವುದಿಲ್ಲ. ಆಮೇಲೆ ಕ್ಲೀನರ್ ಧಾರಾಳವಾಗಿ ಹಾಕಿ. ಕಡಿಮೆ ನೀರು ಅಂತ ಇಷ್ಟು ಹೊತ್ತು ಹೇಳಿದ ಮಾತು ಇಲ್ಲಿ ಮಾತ್ರ ಬೇಡ. ಮೂತ್ರ ಎಷ್ಟು ಆಳಕ್ಕೆ ಹೋಗಿದೆಯೋ ಕ್ಲೀನರ್ ಅಷ್ಟು ಆಳಕ್ಕೆ ಹೋಗಬೇಕು. ಗುರುತಿನ ಆಚೆಗೂ ಸ್ವಲ್ಪ ಹಾಕಿ. ಎನ್‌ಜೈಮ್ ಒದ್ದೆ ಇದ್ದಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ, ಹಾಗಾಗಿ ಪ್ಲಾಸ್ಟಿಕ್ ಹಾಳೆ ಮುಚ್ಚಿ ಲೇಬಲ್ ಹೇಳಿದಷ್ಟು ಹೊತ್ತು ಬಿಡಿ. ಹಳೇ ಕಲೆಗೆ ರಾತ್ರಿಯಿಡೀ ಬೇಕಾಗುತ್ತದೆ. ನಂತರ ಒತ್ತಿ ಹೀರಿ, ಫ್ಯಾನ್ ಹಾಕಿ ಒಣಗಿಸಿ. ಮೊದಲ ದಿನ ವಾಸನೆ ಜೋರಾದರೆ ಹೆದರಬೇಡಿ, ಪೂರ್ತಿ ಒಣಗಿದ ಮೇಲೆ ತೀರ್ಮಾನ ಮಾಡಿ. ಹಳೇ ಕಲೆ ಇನ್ನೊಂದು ಸುತ್ತು ಕೇಳಬಹುದು.

ಸ್ಟೀಮ್ ಕ್ಲೀನರ್ ಬೇಡ, ಬಿಸಿಗೆ ಕಲೆ ಕೂರುತ್ತದೆ. ಅಮೋನಿಯಾ ಇರುವ ಕ್ಲೀನರ್ ಕೂಡ ಬೇಡ. ಪ್ರಾಣಿಗೆ ಅದು ಮೂತ್ರದ ವಾಸನೆಯಂತೆಯೇ ಬರುತ್ತದೆ, ಮತ್ತೆ ಅಲ್ಲಿಗೇ ಬರುತ್ತದೆ. ಉಣ್ಣೆ ಕಾರ್ಪೆಟ್ ಆದರೆ ಉಣ್ಣೆಗೆ ಸರಿ ಅಂತ ಲೇಬಲ್ ಮೇಲೆ ಬರೆದದ್ದನ್ನು ಮಾತ್ರ ಬಳಸಿ.

ಉಳಿದ ವಾಸನೆಗಳಿಗೆ ಒಂದು ಸರಳ ಗುರುತು ಸಾಕು. ವಾಂತಿ, ಹುಳಿಯಾದ ಹಾಲು ಇವುಗಳದು ಆಮ್ಲದ ವಾಸನೆ. ವಾಂತಿಯ ಘಾಟಿಗೆ ಮುಖ್ಯ ಕಾರಣ ಬ್ಯುಟಿರಿಕ್ ಆಮ್ಲ. ಅದಕ್ಕೆ ಅಡುಗೆ ಸೋಡಾ ಸರಿ. ಅಮೋನಿಯಾ, ಮೀನಿನ ವಾಸನೆ ಕ್ಷಾರದ್ದು, ಅದಕ್ಕೆ ನೀರು ಬೆರೆಸಿದ ವಿನೆಗರ್. ಸೋಡಾ ಉದುರಿಸಿದರೆ ರಾತ್ರಿ ಬಿಟ್ಟು ವ್ಯಾಕ್ಯೂಮ್ ಮಾಡಿ, ಆದರೆ ತೆಳ್ಳಗೆ ಉದುರಿಸಿ. ಆ ನುಣ್ಣನೆ ಪುಡಿ ವ್ಯಾಕ್ಯೂಮ್‌ನ ಫಿಲ್ಟರ್ ಕಟ್ಟಿಸುತ್ತದೆ.

ಮುಗ್ಗಲು ವಾಸನೆ ಬೇರೆ ವಿಷಯ, ಅದು ಬೂಷ್ಟು. ನೆನೆದ ಕಾರ್ಪೆಟ್ 24ರಿಂದ 48 ಗಂಟೆ ಒಳಗೆ ಒಣಗಬೇಕು. ಕಾರ್ಪೆಟ್ ಅಂಚು ಎತ್ತಿ ಅಡಿಗೂ ಗಾಳಿ ಹೋಗುವ ಹಾಗೆ ಮಾಡಿ, ಕಿಟಕಿ ತೆರೆಯಿರಿ, ಫ್ಯಾನ್ ಹಾಕಿ. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕದೆ ಬರೀ ಕಾರ್ಪೆಟ್ ತೊಳೆದರೆ ಸುಮ್ನೆ ಕೆಲಸ.

ಗಟ್ಟಿ ನೆಲ

ಗಟ್ಟಿ ನೆಲದಲ್ಲಿ ಒರೆಸಿದರೆ ಆಯ್ತು ಅನ್ನಿಸುತ್ತದೆ. ಗ್ಲೇಜ್ ಇರುವ ಟೈಲ್ಸ್ ಮಟ್ಟಿಗೆ ಅದು ನಿಜ. ಕಷ್ಟ ಇರುವುದು ಟೈಲ್ಸ್ ನಡುವಿನ ಸಂದಿನಲ್ಲಿ. ಅಲ್ಲಿರುವ ಗ್ರೌಟ್ ಸಿಮೆಂಟಿನದ್ದು, ಸಣ್ಣ ರಂಧ್ರಗಳಿಂದ ಕೂಡಿದ್ದು. ವಿನೆಗರ್ ಅದನ್ನು ನಿಧಾನವಾಗಿ ತಿನ್ನುತ್ತದೆ. ಆಕ್ಸಿಜನ್ ಬ್ಲೀಚ್, ಅಂದರೆ ಸೋಡಿಯಂ ಪರ್‌ಕಾರ್ಬನೇಟ್ ಪುಡಿಯನ್ನು ಬಿಸಿನೀರಲ್ಲಿ ಕರಗಿಸಿ ಸಂದಿಗೆ ಹಾಕಿ, ಹತ್ತು ಹದಿನೈದು ನಿಮಿಷ ಬಿಟ್ಟು ಗಡುಸು ಬ್ರಷ್‌ನಿಂದ ತಿಕ್ಕಿ. ಕೊಳೆ ನೀರನ್ನು ತಕ್ಷಣ ಬಟ್ಟೆಯಿಂದ ಎತ್ತಿ. ಬಿಟ್ಟರೆ ಗ್ರೌಟ್ ಅದನ್ನೇ ಮತ್ತೆ ಕುಡಿಯುತ್ತದೆ.

ಮಾರ್ಬಲ್ ವಿಷಯದಲ್ಲಿ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಕಲೆಯೋ, ಸವೆತವೋ? ಮಾರ್ಬಲ್ ಅಂದರೆ ಕ್ಯಾಲ್ಸಿಯಂ ಕಾರ್ಬನೇಟ್. ನಿಂಬೆರಸ, ವಿನೆಗರ್, ವೈನ್ ಬಿದ್ದರೆ ಮೇಲ್ಮೈ ಕರಗಿ ಹೊಳಪು ಹೋಗುತ್ತದೆ. ಓರೆಯಾಗಿ ಬೆಳಕು ಬಿಟ್ಟು ನೋಡಿ. ಮಂಕಾಗಿ ಬೆಳ್ಳಗೆ ಕಂಡರೆ ಸವೆತ, ಅದಕ್ಕೆ ಯಾವ ಕ್ಲೀನರೂ ಇಲ್ಲ, ಪಾಲಿಶ್ ಒಂದೇ ದಾರಿ. ಸುತ್ತಲಿಗಿಂತ ಕಪ್ಪಾಗಿ ಕಂಡರೆ ಕಲ್ಲಿನೊಳಗೆ ಇಳಿದ ಕಲೆ. ಅದನ್ನು ಎಳೆದು ತೆಗೆಯಲು ಲೇಪ ಹಾಕಬೇಕು.

ಎಣ್ಣೆ ಕಲೆಗೆ ಅಡುಗೆ ಸೋಡಾವನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ. ಟೀ, ಕಾಫಿ ಕಲೆಗೆ, ತಿಳಿ ಬಣ್ಣದ ಕಲ್ಲಾದರೆ, ನೀರಿನ ಬದಲು 3% ಪೆರಾಕ್ಸೈಡ್. ಅರ್ಧ ಸೆಂಟಿಮೀಟರ್ ದಪ್ಪ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚಿಗೆ ಟೇಪ್ ಅಂಟಿಸಿ 24 ಗಂಟೆ ಬಿಡಿ. ಆಮೇಲೆ ಹಾಳೆ ತೆಗೆದು ಲೇಪ ತಾನಾಗಿ ಒಣಗಲು ಬಿಡಿ. ಒಣಗುವಾಗಲೇ ನಿಜವಾದ ಕೆಲಸ ಆಗುವುದು. ಕಾರ್ಪೆಟ್‌ನಲ್ಲಿ ಕಾಟ ಕೊಟ್ಟ ಅದೇ ತೇವದ ಏರಿಕೆ ಇಲ್ಲಿ ಕಲೆಯನ್ನು ಕಲ್ಲಿನಿಂದ ಲೇಪಕ್ಕೆ ಎಳೆಯುತ್ತದೆ. ಲೋಹದ ಚಾಕು ಬೇಡ, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೇ ಎಣ್ಣೆ ಕಲೆಗೆ ಎರಡು ಮೂರು ಸಲ ಲೇಪ ಬೇಕಾಗಬಹುದು.

ಗ್ರಾನೈಟ್‌ಗೆ ಆಮ್ಲದ ಭಯ ಕಡಿಮೆ, ಆದರೆ ಎಣ್ಣೆ ಕುಡಿಯುತ್ತದೆ. ಒಂದು ಹನಿ ನೀರು ಹಾಕಿ ಹತ್ತು ನಿಮಿಷ ನೋಡಿ. ಕಲ್ಲು ಕಪ್ಪಾದರೆ ಮೇಲಿನ ಸೀಲರ್, ಅಂದರೆ ಒಳಗೆ ಏನೂ ಇಳಿಯದಂತೆ ಬಳಿದ ಲೇಪ, ಸವೆದಿದೆ ಅಂತ ಅರ್ಥ.

ಮರದ ನೆಲದಲ್ಲಿ ಬಿಳಿ ಉಂಗುರ ಕಂಡರೆ ತೇವ ಮೇಲಿನ ಪಾಲಿಶ್ ಪದರದಲ್ಲೇ ಇದೆ. ಒಣ ಗಾಳಿಗೆ ಬಿಟ್ಟರೆ ಎಷ್ಟೋ ಸಲ ತಾನೇ ಹೋಗುತ್ತದೆ. ಕಪ್ಪು ಕಲೆ ಕಂಡರೆ ನೀರು ಮರದೊಳಗೆ ಹೋಗಿ, ಮರದ ಟ್ಯಾನಿನ್ ಜೊತೆ ಕಬ್ಬಿಣದ ಅಂಶ ಸೇರಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಆಕ್ಸಾಲಿಕ್ ಆಮ್ಲ ಬೇಕು, ಪಾಲಿಶ್ ಕಿತ್ತು ಹಾಕಬೇಕು. ಆ ಆಮ್ಲ ವಿಷ, ಗೊತ್ತಿರುವವರ ಕೈಯಲ್ಲಿ ಮಾಡಿಸಿ. ಸ್ಟೀಮ್ ಮಾಪ್ ಮರಕ್ಕೂ ಬೇಡ, ಲ್ಯಾಮಿನೇಟ್‌ಗೂ ಬೇಡ. ಲ್ಯಾಮಿನೇಟ್ ಸಂದಿಗೆ ನೀರು ಹೋದರೆ ಅಂಚು ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ.

ವಿನೈಲ್ ನೆಲಕ್ಕೆ ಸೋಪಿನ ನೀರು ಸಾಕು, ಅಸಿಟೋನ್ ಮಾತ್ರ ತಾಗಿಸಬೇಡಿ. ರಬ್ಬರ್ ತಳದ ಮ್ಯಾಟ್ ಕೆಳಗೆ ಹಳದಿ ಕಲೆ ಕಂಡರೆ ಅದು ಕೊಳೆ ಅಲ್ಲ. ರಬ್ಬರಿನ ರಾಸಾಯನಿಕ ವಿನೈಲ್‌ನೊಳಗೆ ಇಳಿದಿದೆ. ತಿಕ್ಕಿ ಕೈ ನೋಯಿಸಿಕೊಳ್ಳಬೇಡಿ, ಅದು ಹೋಗುವುದಿಲ್ಲ. ಮ್ಯಾಟ್ ಬದಲಿಸಿ.

ಬಿಟ್ಟುಬಿಡುವುದು ಯಾವಾಗ

ಎನ್‌ಜೈಮ್ ಎರಡು ಸಲ ಸರಿಯಾಗಿ ಹಾಕಿ ಒಣಗಿಸಿದ ಮೇಲೂ ಮೂತ್ರದ ವಾಸನೆ ಇದ್ದರೆ ಕಾರ್ಪೆಟ್ ಮೂಲೆ ಎತ್ತಿ ಪ್ಯಾಡ್ ಮೂಸಿ. ವಾಸನೆ ಅಲ್ಲೇ ಇದ್ದರೆ ಪ್ಯಾಡ್‌ನ ಆ ಭಾಗ ಕತ್ತರಿಸಿ ಹೊಸದು ಹಾಕುವುದೇ ಸರಿ. ಅಡಿಯ ಸಿಮೆಂಟ್ ನೆಲ ಕೂಡ ಕುಡಿದಿದ್ದರೆ ಅದಕ್ಕೂ ಎನ್‌ಜೈಮ್ ಹಾಕಿ, ಪೂರ್ತಿ ಒಣಗಿದ ಮೇಲೆ ಸೀಲರ್ ಬಳಿಯಿರಿ, ಆಮೇಲೆ ಹೊಸ ಪ್ಯಾಡ್. ಚರಂಡಿ ನೀರು ನುಗ್ಗಿ ನೆನೆದ ಕಾರ್ಪೆಟ್ ಮತ್ತು ಪ್ಯಾಡ್ ಎರಡನ್ನೂ ಎಸೆಯಿರಿ. ಉಣ್ಣೆ, ರೇಷ್ಮೆ ಅಥವಾ ಕೈಮಗ್ಗದ ಹಳೇ ಕಾರ್ಪೆಟ್ ಆಗಿದ್ದರೆ ಮೊದಲ ಮೂರು ಹಂತ ಮಾತ್ರ ನೀವು ಮಾಡಿ, ಮಿಕ್ಕಿದ್ದು ಅದೇ ಕೆಲಸ ಮಾಡುವವರಿಗೆ ಬಿಡಿ. ಏನು ಚೆಲ್ಲಿತ್ತು, ಯಾವಾಗ ಚೆಲ್ಲಿತ್ತು, ನೀವು ಈಗಾಗಲೇ ಏನೇನು ಹಾಕಿದ್ದೀರಿ ಅಂತ ಒಂದು ಚೀಟಿಯಲ್ಲಿ ಬರೆದು ಕಾರ್ಪೆಟ್ ಜೊತೆ ಕೊಡಿ.